ತಕ್ಕಡಿಯವನು ಹೇಳಿದ ಸುಳ್ಳು

"ನಾಲ್ಕೇ ಇತ್ತು! ನೀವು ಕಟ್ಟಿದ ಕಟ್ಟಿನಲ್ಲಿ ನಾಲ್ಕೇ ಇತ್ತು!"

ಬಾಗಿಲು ಗೋಡೆಗೆ ಬಡಿದ ಸದ್ದಿಗೆ, ಆಸ್ಪತ್ರೆಯ ನೆಲಮಾಳಿಗೆಯ ಆ ಕೋಣೆಯಲ್ಲಿದ್ದ ಒಬ್ಬನೇ ಮನುಷ್ಯ ತಲೆಯೆತ್ತಿದ. ಮೇಜಿನ ಮೇಲೆ ಬಿಳಿ ಬಟ್ಟೆಗಳ ರಾಶಿ. ಪಕ್ಕದಲ್ಲಿ ಹಿತ್ತಾಳೆಯ ಪುಟ್ಟ ತಕ್ಕಡಿ. ಹಿಂದೆ ಗೋಡೆಯುದ್ದಕ್ಕೂ ಉಸ್ಸೆನ್ನುವ ಹಬೆಯ ಯಂತ್ರಗಳು.

ಬಾಗಿಲಲ್ಲಿ ನಿಂತವಳು ಹಸಿರು ಗೌನನ್ನೂ ಕಳಚಿರಲಿಲ್ಲ. ತಲೆಯ ಟೋಪಿ ಒಂದು ಕಡೆಗೆ ಜಾರಿತ್ತು. ಕುಳ್ಳಗಿನ ಹೆಂಗಸು. ಕೋಪ ಮಾತ್ರ ಆಳೆತ್ತರ.

ಅವಳು ಮೂರನೇ ಮಹಡಿಯ ಆಪರೇಷನ್ ಥಿಯೇಟರಿನ ಸಿಸ್ಟರ್. ಅವನು ಥಿಯೇಟರಿಗೆ ಬೇಕಾದ ಬಟ್ಟೆ, ಕತ್ತರಿ, ಚಿಮುಟಗಳನ್ನು ಹಬೆಯಲ್ಲಿ ಬೇಯಿಸಿ, ಕಟ್ಟಿ, ಮೇಲಕ್ಕೆ ಕಳಿಸುವವನು. ಅವಳು ಈ ಆಸ್ಪತ್ರೆಗೆ ಬಂದ ಮೂರು ವರ್ಷದಿಂದ ಇಬ್ಬರೂ ದಿನಾ ಮಾತಾಡುತ್ತಿದ್ದರು. ಆದರೆ ಗೋಡೆಯ ಫೋನಿನಲ್ಲಿ, ಒಂದೇ ಒಂದು ಗಳಿಗೆ. ಸಾಮಾನಿನ ಲಿಫ್ಟು ಮೇಲೆ ಬಂದೊಡನೆ ಇವಳು "ಬಂತು, ಸರಿಯಾಗಿದೆ" ಅನ್ನುವಳು. ಅವನು "ಆಯ್ತು ಸಿಸ್ಟರ್" ಅನ್ನುವನು. ಅಷ್ಟೇ.

ಮುಖ ನೋಡಿದ್ದು ಇದೇ ಮೊದಲು!

ಅವನು ನಿಧಾನವಾಗಿ ಎದ್ದು ನಿಂತ. ನಲವತ್ತರ ಹತ್ತಿರದ ವಯಸ್ಸು. ಕಿವಿಯ ಮೇಲೆ ಎರಡೆಳೆ ನರೆ. ಹಬೆಗೆ ಬೆಂದು ಕೆಂಪಾದ ಕೈಗಳು.

"ಇಲ್ಲ ಸಿಸ್ಟರ್, ನಾನು ಐದು..."

ಮಾತು ಅರ್ಧಕ್ಕೇ ನಿಂತಿತು. ಅವನ ಕಣ್ಣು ಅವಳ ಕೈಗಳ ಮೇಲೆ ಬಿದ್ದಿತ್ತು. ಅವು ನಡುಗುತ್ತಿದ್ದವು. ಚಳಿಗೆ ನಡುಗುವ ಹಾಗಲ್ಲ, ತಂತಿ ಅದುರುವ ಹಾಗೆ. ಅವಳು ಗೌನಿನ ಮಡಿಕೆಯಲ್ಲಿ ಅವನ್ನು ಬಚ್ಚಿಡಲು ನೋಡಿದಳು. ಗೌನೇ ನಡುಗಿತು.

ಅವನು ಕೈಯಲ್ಲಿದ್ದ ದಾರದುಂಡೆಯನ್ನು ಮೇಜಿನ ಮೇಲಿಟ್ಟ.

"ಎಕ್ಸ್-ರೇ ತೆಗೆದ್ರಾ?"

"ತೆಗೆದ್ರು. ಹೊಟ್ಟೇಲಿ ಏನೂ ಇಲ್ಲ ಅಂದ್ರು."

"ಹಾಗಾದ್ರೆ... ನಂದೇ ತಪ್ಪು ಇರಬೇಕು. ಇವತ್ತು ತೂಕ ನೋಡ್ಲಿಲ್ಲ."

"ಇರಬೇಕು ಅಂದ್ರೆ? ಒಬ್ಬ ಹೆಣ್ಣುಮಗಳು ಹೊಟ್ಟೆ ತೆರ್ಕೊಂಡು ನಲವತ್ತು ನಿಮಿಷ ಜಾಸ್ತಿ ಮಲಗಿದ್ಲು ಗೊತ್ತಾ? ನಿಮಗೇನು, ಕೆಳಗೆ ಬೆಚ್ಚಗೆ ಕೂತಿರ್ತೀರಿ!"

ಅಂದದ್ದೇ ತಡ, ಅವಳಿಗೆ ಅಳು ಒತ್ತರಿಸಿ ಬಂತು. ತಿರುಗಿ ಓಡಿದಳು. ಮೆಟ್ಟಿಲು ಹತ್ತುವಾಗ ಎಣಿಸಿದಳು. ಒಂದು, ಎರಡು, ಮೂರು... ಎಣಿಸದೆ ಹತ್ತುವುದು ಅವಳಿಗೆ ಮರೆತೇ ಹೋಗಿತ್ತು.

*

ನಡೆದದ್ದು ಇಷ್ಟು.

ಹೊಟ್ಟೆಯ ಆಪರೇಷನ್ನಿನಲ್ಲಿ ರಕ್ತ ಒರೆಸಲು ಅಂಗೈಯಗಲದ ಬಿಳಿ ಬಟ್ಟೆಗಳನ್ನು ಬಳಸುತ್ತಾರೆ. ಥಿಯೇಟರಿನಲ್ಲಿ ಅದಕ್ಕೆ ಮಾಪ್ ಅನ್ನುತ್ತಾರೆ. ಒಂದು ಕಟ್ಟಿನಲ್ಲಿ ಐದು. ಪ್ರತಿಯೊಂದರಲ್ಲೂ ಎಕ್ಸ್-ರೇಗೆ ಕಾಣುವ ಒಂದು ನೀಲಿ ಎಳೆ. ಕಟ್ಟು ಬಿಚ್ಚುವಾಗ ಸಿಸ್ಟರ್ ಜೋರಾಗಿ ಎಣಿಸಬೇಕು. ಹೊಟ್ಟೆ ಹೊಲಿಯುವ ಮುಂಚೆ ಮತ್ತೆ ಎಣಿಸಬೇಕು. ಒಳಗೆ ಹೋದದ್ದೆಲ್ಲ ಹೊರಗೆ ಬಂದಿರಬೇಕು.

ಆ ಬುಧವಾರ ನಾಲ್ಕು ಕಟ್ಟು ಬಿಚ್ಚಿದ್ದರು. ಇಪ್ಪತ್ತು ಇರಬೇಕಿತ್ತು. ಹತ್ತೊಂಬತ್ತು ಬಂತು.

"ಇನ್ನೊಂದ್ಸಲ ಎಣಿಸಮ್ಮ," ಅಂದರು ದೊಡ್ಡ ಡಾಕ್ಟರು.

ಹತ್ತೊಂಬತ್ತು.

ಆಯಮ್ಮ ಮಂಡಿಯೂರಿ ಮೇಜುಗಳ ಕೆಳಗೆ ತಡಕಿದಳು. ಇನ್ನೊಬ್ಬ ಸಿಸ್ಟರ್ ಬಕೆಟ್ಟುಗಳನ್ನು ಮಗುಚಿದಳು. ಇವಳು ಮಾತ್ರ ತನ್ನ ಸ್ಟೂಲಿನ ಮೇಲೆ ಕಂಬದ ಹಾಗೆ ನಿಂತಿದ್ದಳು. ದೊಡ್ಡ ಡಾಕ್ಟರು ಆರಡಿ ಆಳು, ಟೇಬಲನ್ನು ತಮ್ಮ ಎತ್ತರಕ್ಕೆ ಏರಿಸಿಕೊಳ್ಳುವವರು. ಹಾಗಾಗಿ ಇವಳಿಗೆ ಗಿಡ್ಡ ಸ್ಟೂಲೊಂದು ಬೇಕೇ ಬೇಕು. ಕಾಲು ಜಾರದಿರಲೆಂದು ಅದರ ಮೇಲೆ ದಪ್ಪ ರಬ್ಬರ್ ಹಾಸಿತ್ತು. ಅದರ ಒಂದು ಮೂಲೆ ಎದ್ದು ನಿಂತು ಚಪ್ಪಲಿಗೆ ತಗಲುತ್ತಿತ್ತು. ಗ್ಲೌಸ್ ತೊಟ್ಟ ಸಿಸ್ಟರ್ ಜಾಗ ಬಿಟ್ಟು ಕದಲುವಂತಿಲ್ಲ, ಶುದ್ಧ ಮಾಡದ ಯಾವುದನ್ನೂ ಮುಟ್ಟುವಂತಿಲ್ಲ. ನಿಂತಲ್ಲೇ ನಿಂತು ಎಣಿಸುವುದೊಂದೇ ಅವಳ ಕೆಲಸ.

ಹತ್ತೊಂಬತ್ತು... ಹತ್ತೊಂಬತ್ತು...

ಎಕ್ಸ್-ರೇಯಲ್ಲಿ ನೀಲಿ ಎಳೆ ಕಾಣಲಿಲ್ಲ. "ಕಟ್ಟಿನಲ್ಲೇ ಒಂದು ಕಮ್ಮಿ ಬಂದಿರಬೇಕು," ಎಂದು ಡಾಕ್ಟರು ಹೊಲಿದರು.

ಆದರೆ ಕಟ್ಟು ಬಿಚ್ಚುವಾಗ "ಐದು" ಅಂದವಳು ಇವಳೇ ಅಲ್ಲವೇ?

ಅದೇ ಅವಳ ಎದೆಯಲ್ಲಿ ಕೂತ ಮುಳ್ಳು. ನಿಜವಾಗಿ ಎಣಿಸಿದೆನಾ? ಅಥವಾ ಬರೀ ಬಾಯಿ ಎಣಿಸಿತಾ? ಎಷ್ಟು ನೆನಪಿಸಿಕೊಂಡರೂ ನೆನಪಾಗದು. ಹನ್ನೊಂದು ವರ್ಷ, ದಿನಕ್ಕೆ ನಾಲ್ಕೈದು ಆಪರೇಷನ್ನು. ಇತ್ತೀಚೆಗೆ ಕಣ್ಣು ಒಂದು ಕಡೆ, ಕೈ ಒಂದು ಕಡೆ, ಬಾಯಿ ಒಂದು ಕಡೆ. ಬೆಳಿಗ್ಗೆ ಥಿಯೇಟರಿನ ಬಾಗಿಲು ತಳ್ಳುವ ಮುಂಚೆ ಎರಡು ಸಲ ಹಿಂದೆ ತಿರುಗಿ ನೋಡುವಳು. ಕೈ ತೊಳೆಯಲು ನಿಂತರೆ ಮುಗಿಸುವುದೇ ಬೇಡವೆನಿಸುವುದು. ಮನೆಗೆ ಬಂದರೆ ಚಮಚ ಎಣಿಸುವಳು, ಕಿಟಕಿಯ ಸರಳು ಎಣಿಸುವಳು.

ಲಾಕರಿನಲ್ಲಿ ಒಂದು ತಿಂಗಳಿಂದ ರಾಜೀನಾಮೆ ಪತ್ರವೊಂದು ಮಡಚಿ ಬಿದ್ದಿತ್ತು. ಕೊಡಲು ಧೈರ್ಯವಿಲ್ಲ. ಹರಿಯಲೂ ಧೈರ್ಯವಿಲ್ಲ.

ಆ ಸಂಜೆ ಮೇಟ್ರನ್ ಮೇಡಂ ಅವನನ್ನು ಕರೆಸಿ ವಿಚಾರಿಸಿದರಂತೆ. ಸುದ್ದಿ ತಂದವಳು ಆಯಮ್ಮ.

"ಎಲ್ಲ ಒಪ್ಕೊಂಡ್ನಂತೆ ಕಣಮ್ಮ ನಮ್ಮ ತಕ್ಕಡಿ! ಕೈಗೆ ಎಚ್ಚರಿಕೆ ಪತ್ರ ಕೊಟ್ರಂತೆ. ನಿನಗೆ ಬರೀ ಬಾಯಿಮಾತಲ್ಲಿ ಹೇಳ್ತಾರೆ ಬಿಡು, ಭಯ ಬೀಳ್ಬೇಡ."

"ತಕ್ಕಡಿಯಾ?"

"ಹೂಂ ಮತ್ತೆ. ಒಂದೊಂದು ಕಟ್ಟೂ ತೂಗಿ ನೋಡ್ತಾನಲ್ಲ, ಅದಕ್ಕೆ ಎಲ್ಲಾರೂ ಹಂಗೇ ಕರೆಯೋದು. ಬಂಗಾರದಂಗಡಿಯೋರೂ ಅಷ್ಟು ತೂಗಲ್ಲ! ಒಂಬತ್ತು ವರ್ಷಕ್ಕೆ ಇದೇ ಮೊದಲು ತಪ್ಪಿದ್ದು."

ಒಂಬತ್ತು ವರ್ಷಕ್ಕೆ ಇದೇ ಮೊದಲು...

ಆ ಮಾತು ಅವಳಿಗೆ ಸಮಾಧಾನ ಕೊಡಬೇಕಿತ್ತು. ಒಂಬತ್ತು ವರ್ಷ ತಪ್ಪದವನು ಇವತ್ತೇ ಹೇಗೆ ತಪ್ಪಿದ?

*

ಅವಳ ಮನೆಯೆಂದರೆ ಅಕ್ಕನ ಮನೆ. ಕೆಳಗೆ ಅಕ್ಕ ಭಾವನ ಹಾಸಿಗೆ ಅಂಗಡಿ, ಮೇಲೆ ಎರಡು ಕೋಣೆ. ಅಂಗಡಿಯ ತುಂಬ ಹತ್ತಿ. ಗಾಳಿಯಲ್ಲೂ ಹತ್ತಿ, ಭಾವನ ಮೀಸೆಯಲ್ಲೂ ಹತ್ತಿ. ಒಂದು ಮೂಲೆಯಲ್ಲಿ ಹತ್ತಿ ತೂಗುವ ದೊಡ್ಡ ತಕ್ಕಡಿ ತೂಗಾಡುತ್ತಿತ್ತು.

ಕೆಲಸದಿಂದ ಬಂದವಳು ಸುಮ್ಮನೆ ಒಂದು ದಿಂಬು ಎಳೆದುಕೊಂಡು ಅದರ ಬಾಯಿ ಹೊಲಿಯತೊಡಗಿದಳು. ವಿಚಿತ್ರವೆಂದರೆ, ಇಲ್ಲಿ ಕೂತರೆ ಅವಳ ಕೈ ನಡುಗುತ್ತಿರಲಿಲ್ಲ.

"ಪುಟ್ಟೀ," ಅಂದಳು ಅಕ್ಕ, "ಮುಖ ಯಾಕೆ ಹಿಂಗಿದೆ?"

"ಏನಿಲ್ಲಕ್ಕ."

"ಏನಿಲ್ಲ ಅಂತ ಮೂರನೇ ದಿಂಬು ಹೊಲಿತಿದ್ದೀಯ."

ಆಗ ಎಲ್ಲ ಹೇಳಿದಳು. ಹತ್ತೊಂಬತ್ತು, ಇಪ್ಪತ್ತು, ಎಕ್ಸ್-ರೇ, ತಕ್ಕಡಿ. "ಒಳಗೇ ಬಿಟ್ಟಿದ್ರೆ ಏನಕ್ಕ ಗತಿ? ಎಕ್ಸ್-ರೇಗೂ ಕಣ್ಣು ತಪ್ಪಿದ್ರೆ?"

ಭಾವ ಮೀಸೆಯ ಹತ್ತಿ ಒರೆಸಿಕೊಂಡು ನಕ್ಕ. "ನಮ್ಮ ಕೆಲಸಕ್ಕೆ ಬಂದ್ಬಿಡು ಪುಟ್ಟಿ. ಇಲ್ಲಿ ಹತ್ತಿ ಒಳಗೇ ಬಿಡಬೇಕು. ಹೊರಗೆ ಉಳಿದ್ರೇನೇ ಗಿರಾಕಿ ಬೈಯೋದು!"

"ನಿಮಗೆ ಎಲ್ಲಾನೂ ತಮಾಷೆ," ಎಂದು ಅಕ್ಕ ಗದರಿದಳು. ಆದರೆ ತಂಗಿ ನಗಲೋ ಅಳಲೋ ತಿಳಿಯದೆ ನಕ್ಕುಬಿಟ್ಟಳು. ತಿಂಗಳ ಮೇಲೆ ಅವಳ ನಗು ಕೇಳಿ ಅಕ್ಕನ ಕಣ್ಣು ಒದ್ದೆಯಾಯಿತು.

"ನಿಜವಾಗ್ಲೂ ಬಂದ್ಬಿಡೇ," ಅಂದಳು ಮೆಲ್ಲಗೆ.

"ತಪ್ಪು ಮಾಡಿ ಓಡಿ ಬಂದವಳು ಅಂತಾಗುತ್ತಕ್ಕ. ಜನ ಹೇಳೋದಿರಲಿ. ನನಗೇ ಹಾಗನ್ನಿಸುತ್ತೆ, ಸಾಯೋವರೆಗೂ."

*

ಗುರುವಾರ ಎರಡು ಸಲ ವಾರ್ಡಿಗೆ ಹೋಗಿ ಆ ಹೆಂಗಸನ್ನು ನೋಡಿ ಬಂದಳು. ಶಾಲೆಯ ವ್ಯಾನ್ ಓಡಿಸುವ ಗಟ್ಟಿಗಿತ್ತಿ. ಮಾತೂ ಗಟ್ಟಿ.

ಶುಕ್ರವಾರ ಬೆಳಿಗ್ಗೆ ಹೋದಾಗ ಆಕೆಯ ತುಟಿ ಒಣಗಿತ್ತು.

"ಏನ್ ಸಿಸ್ಟರ್, ದಿನಾ ಬರ್ತೀರಿ? ನನ್ನ ಹೊಟ್ಟೇಲಿ ಏನಾದ್ರೂ ಮರೆತು ಬಿಟ್ಟಿದ್ದೀರಾ?"

ತಮಾಷೆಗೆ ಅಂದದ್ದು. ಇವಳು ಮಂಚದ ಸರಳು ಹಿಡಿದುಕೊಂಡಳು.

"ಹಾಗ್ಯಾಕಂತೀರಿ... ಹೇಗಿದೆ ಇವತ್ತು?"

"ಬೆಳಗ್ಗೆಯಿಂದ ಚಳಿ. ಜ್ವರ ಬಂದಿದೆ ಅಂತಾರೆ. ನನ್ನ ವ್ಯಾನು ಬೇರೆಯೋರು ಓಡಿಸ್ತಿದಾರೆ, ಆ ಸಿಟ್ಟಿಗೇ ಬಂದಿರ್ಬೇಕು!"

ಮಂಚಕ್ಕೆ ತೂಗುಹಾಕಿದ್ದ ಹಾಳೆ ನೋಡಿದಳು. ನೂರಾ ಎರಡು.

ಮೂರನೇ ದಿನದ ಜ್ವರ!

ಹಾಳೆಯ ಅಕ್ಷರಗಳೆಲ್ಲ ಕಲಸಿಹೋದವು. ಒಳಗೆ ಉಳಿದ ಬಟ್ಟೆ ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಮೊದಲು ಜ್ವರ, ಆಮೇಲೆ ಕೀವು, ಆಮೇಲೆ...

ಅವಳು ಹೇಗೆ ನೆಲಮಾಳಿಗೆಗೆ ಬಂದಳೋ ಅವಳಿಗೇ ತಿಳಿಯದು. ಈ ಸಲ ಮೆಟ್ಟಿಲು ಎಣಿಸಿರಲಿಲ್ಲ.

ಅವನು ಅವಳ ಮುಖ ನೋಡಿದೊಡನೆ ಎದ್ದು ನಿಂತ.

"ಒಂದೇ ಒಂದು ಮಾತು ಕೇಳ್ತೀನಿ," ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು. "ನಿಜ ಹೇಳಿ. ಆ ಕಟ್ಟಿನಲ್ಲಿ ನಾಲ್ಕಾ... ಐದಾ?"

ಅವನು ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದ.

"ಆ ಪೇಶೆಂಟಿಗೆ ಜ್ವರ ಬಂದಿದೆ. ನಾಲ್ಕು ಅಂದ್ರೆ ನಾನು ಬದುಕ್ಕೊಂಡೆ. ಐದು ಅಂದ್ರೆ..."

ಅವನ ಕೆಂಪು ಕೈಗಳು ಮೇಜಿನ ಅಂಚನ್ನು ಹಿಡಿದವು. ನಾಲ್ಕು ಎನ್ನುವುದು ಎಷ್ಟು ಸುಲಭವಿತ್ತು! ಅವಳ ಕಣ್ಣು ಅದನ್ನೇ ಬೇಡುತ್ತಿತ್ತು.

"ಐದು," ಅಂದ ಅವನು.

ಹಬೆಯ ಯಂತ್ರವೊಂದು ಉಸ್ಸೆಂದು ಸುಮ್ಮನಾಯಿತು.

"ತೂಕ ಹಾಕಿದ್ದೆ ಸಿಸ್ಟರ್. ತೂಕ ಹಾಕದೆ ನಾನು ಯಾವತ್ತೂ ದಾರ ಕಟ್ಟಲ್ಲ. ನಾಲ್ಕು ಕಟ್ಟಲ್ಲೂ ಐದೈದೇ ಇತ್ತು."

"ಮತ್ತೆ... ಅವತ್ತು?"

"ನಿಮ್ಮ ಕೈ ನೋಡಿದೆ. ಐದು ಕಟ್ಟಿದ್ದೆ ಅಂತ ಮುಗಿಸೋಕೆ ಬಾಯಿ ಬರ್ಲಿಲ್ಲ. ಎಕ್ಸ್-ರೇ ಖಾಲಿ ಅಂದ್ರಿ. ಹೊಟ್ಟೇಲಿಲ್ಲ ಅಂದ್ಮೇಲೆ ಎಲ್ಲೋ ಬಿದ್ದಿರುತ್ತೆ, ಬೈಗುಳ ನನ್ನ ತಲೆ ಮೇಲೆ ಬಂದ್ರೆ ಬರ್ಲಿ ಅಂದ್ಕೊಂಡೆ."

"ಯಾಕೆ? ನಾನು ನಿಮಗೇನಾಗ್ಬೇಕು?"

ಅವನು ತಲೆ ತಗ್ಗಿಸಿದ. "ಮೂರು ವರ್ಷದಿಂದ ದಿನಾ ನಿಮ್ಮ ದನಿ ಕೇಳ್ತಿದ್ದೆ. ಮೇಲಿನೋರು ಯಾರೂ ಬಂತು ಅಂತ ಹೇಳಲ್ಲ, ಇಲ್ಲ ಅಂತ ಬೈಯೋಕೆ ಮಾತ್ರ ಫೋನ್ ಮಾಡ್ತಾರೆ. ನೀವೊಬ್ರೇ ಸರಿಯಾಗಿದೆ ಅಂತ ಹೇಳೋರು. ಈ ಆರು ತಿಂಗಳಿಂದ ಆ ದನಿ ಸೊರಗ್ತಾ ಇತ್ತು. ಕೆಳಗಿಂದ ನಾನು ಏನ್ ಮಾಡೋಕಾಗುತ್ತೆ? ಅವತ್ತು ಒಂದು ಅವಕಾಶ ಸಿಕ್ಕಿತು ಅಂತ..."

"ಹಾಳಾಗ್ಲಿ ನಿಮ್ಮ ಕರುಣೆ!"

ಅವಳು ಕಿರುಚಿದ್ದಕ್ಕೆ ಕೋಣೆಯೇ ಬೆಚ್ಚಿತು.

"ನೀವು ಅವತ್ತೇ ಐದು ಅಂದಿದ್ರೆ ಡಾಕ್ಟ್ರು ಇನ್ನೊಂದ್ಸಲ ನೋಡ್ತಿದ್ರು! ಎರಡು ದಿನ... ಎರಡು ದಿನ ಅವಳು ಹಾಗೇ ಮಲಗಿದಾಳೆ! ನನ್ನ ಉಳಿಸೋಕೆ ಅವಳನ್ನ ಕೊಲ್ತಿದ್ರಿ!"

ಅವನ ಮುಖದಿಂದ ರಕ್ತ ಇಳಿದುಹೋಯಿತು. ಇದು ಅವನಿಗೆ ಹೊಳೆದೇ ಇರಲಿಲ್ಲ. ಒಳ್ಳೆಯ ಮನುಷ್ಯರು ಒಮ್ಮೊಮ್ಮೆ ಹೀಗೆ ಎದುರಿಗಿರುವ ಒಬ್ಬರನ್ನೇ ನೋಡಿ, ಕಣ್ಣಿಗೆ ಕಾಣದ ಇನ್ನೊಬ್ಬರನ್ನು ಮರೆತುಬಿಡುತ್ತಾರೆ.

"ನಡೀರಿ," ಅಂದ. "ಈಗ್ಲೇ ಹೋಗಿ ಹೇಳೋಣ. ನಾನೇ ಹೇಳ್ತೀನಿ."

"ಬೇಡ. ನನ್ನ ಬಾಯಿಂದ್ಲೇ ಬರಬೇಕು."

*

ಅವಳು ಅವನ ಜೊತೆ ದೊಡ್ಡ ಡಾಕ್ಟರ ಮುಂದೆ ಹೋಗಿ ನಿಂತಳು. ಒಂದೇ ಉಸಿರಿಗೆ ಹೇಳಿದಳು.

"ಸರ್, ಕಟ್ಟಿನಲ್ಲಿ ಐದೇ ಇತ್ತು. ಇಪ್ಪತ್ತು ಬಿಚ್ಚಿದ್ವಿ. ಒಂದು ಸಿಕ್ಕಿಲ್ಲ. ಪೇಶೆಂಟಿಗೆ ಜ್ವರ ಇದೆ. ದಯವಿಟ್ಟು ಸ್ಕ್ಯಾನ್ ಮಾಡ್ಸಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವಳನ್ನು ನೋಡಿದರು, ಅವನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

"ಆಮೇಲೆ ಮಾತಾಡೋಣ," ಎಂದು ಎದ್ದರು. "ಮೊದಲು ಆ ಪೇಶೆಂಟನ್ನ ಕೆಳಗೆ ಕರ್ಕೊಂಡು ಬನ್ನಿ."

ಸ್ಕ್ಯಾನ್ ಕೋಣೆಯ ಹೊರಗೆ ಸ್ಟೀಲಿನ ಕುರ್ಚಿಗಳ ಸಾಲು. ಬಾಗಿಲ ಮೇಲೆ ಕೆಂಪು ದೀಪ. ಅವಳು ಕೂತಳು. ಅವನು ಒಂದು ಕುರ್ಚಿ ಬಿಟ್ಟು ಕೂತ.

ಅವಳು ನೆಲದ ಹಾಸುಕಲ್ಲುಗಳನ್ನು ಎಣಿಸತೊಡಗಿದಳು. ಹದಿನಾರು... ಹದಿನೇಳು... ಒಳಗೆ ಇದ್ದರೆ? ಹದಿನೆಂಟು... ಆಕೆಗೆ ಇಬ್ಬರು ಮಕ್ಕಳಂತೆ... ಹತ್ತೊಂಬತ್ತು...

ಹತ್ತೊಂಬತ್ತಕ್ಕೆ ಬಂದು ಎಣಿಕೆ ನಿಂತುಬಿಡುತ್ತಿತ್ತು. ಪ್ರತಿಸಲವೂ. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡಳು.

"ಸಿಸ್ಟರ್," ಎಂದ ಅವನು, "ಬೈಯಿರಿ, ಆದ್ರೆ ಒಂದು ಮಾತು ಹೇಳಿ. ಅವತ್ತು ಎಲ್ಲೆಲ್ಲಿ ಹುಡುಕಿದ್ರು?"

"ಎಲ್ಲಾ ಕಡೆ. ಬಕೆಟ್ಟು, ಬಟ್ಟೆಗಂಟು, ಮೇಜಿನ ಕೆಳಗೆ, ಡಾಕ್ಟ್ರ ಚಪ್ಪಲಿ ಕೂಡ ಎತ್ತಿಸಿ ನೋಡಿದ್ರು."

"ನಿಮ್ಮ ಚಪ್ಪಲಿ?"

"ಅದನ್ನೂ ಆಯಮ್ಮ ಎತ್ತಿ ನೋಡಿದ್ಲು. ಒಂದೊಂದೇ ಕಾಲು ಎತ್ತಿಸಿ."

"ಆಗ ನೀವೆಲ್ಲಿದ್ರಿ?"

"ಎಲ್ಲಿರ್ತೀನಿ? ನನ್ನ ಸ್ಟೂಲಿನ ಮೇಲೆ. ಇಳಿಯೋ ಹಾಗಿಲ್ವಲ್ಲ..."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಎದ್ದು ನಿಂತ ಆ ರಬ್ಬರ್ ಮೂಲೆ... ಚಪ್ಪಲಿಗೆ ತಗಲುತ್ತಿದ್ದ ಆ ಮೂಲೆ...

"ಆ ರಬ್ಬರ್ ಹಾಳೆ ತೊಳೆಯೋಕೆ ನನ್ನ ಹತ್ರ ಶನಿವಾರ ಬರುತ್ತೆ," ಅವನು ಎದ್ದಾಗಿತ್ತು. "ಇವತ್ತು ಶುಕ್ರವಾರ. ಅಲ್ಲಿವರೆಗೂ ಅದನ್ನ ಯಾರೂ ಎತ್ತಲ್ಲ. ಮೇಲೆ ಮೇಲೆ ಒರೆಸ್ತಾರೆ ಅಷ್ಟೇ."

ಅವನು ಓಡಿದ. ಒಂಬತ್ತು ವರ್ಷದಲ್ಲಿ ಅವನು ಓಡಿದ್ದನ್ನು ಆ ಆಸ್ಪತ್ರೆಯಲ್ಲಿ ಯಾರೂ ನೋಡಿರಲಿಲ್ಲ.

ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅವಳು ಒಬ್ಬಳೇ. ಆ ಕೆಲವು ನಿಮಿಷಗಳಷ್ಟು ಭಯವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಇರಲಿ ದೇವರೇ, ಅಲ್ಲೇ ಇರಲಿ... ಇಲ್ಲದಿದ್ದರೆ ನಾನು ಇನ್ನು ಯಾವ ಮುಖ ಹೊತ್ತು...

ಹೆಜ್ಜೆಯ ಸದ್ದು. ಅವನ ಕೈಯಲ್ಲಿ ಸ್ಟೀಲಿನ ತಟ್ಟೆ. ತಟ್ಟೆಯಲ್ಲಿ ಕಂದುಬಣ್ಣಕ್ಕೆ ತಿರುಗಿ, ಒಣಗಿ, ಹಪ್ಪಳದಂತೆ ಚಪ್ಪಟೆಯಾದ ಒಂದು ತುಂಡು. ಅಂಚಿನಲ್ಲಿ ಒಂದು ನೀಲಿ ಎಳೆ.

"ರಬ್ಬರ್ ಅಡಿಯಲ್ಲಿ ಅಂಟ್ಕೊಂಡಿತ್ತು," ಅವನಿಗೆ ಉಸಿರು ಹತ್ತುತ್ತಿರಲಿಲ್ಲ. "ನೀವು ಅದರ ಮೇಲೇ ನಿಂತ್ಕೊಂಡು ಅದನ್ನೇ ಎಣಿಸ್ತಿದ್ರಿ."

ಅವಳು ತಟ್ಟೆಯನ್ನೇ ನೋಡಿದಳು. ನಂಬಿಕೆ ಬಾರದೆ ಮತ್ತೆ ನೋಡಿದಳು.

"ಇಪ್ಪತ್ತು..." ಅಂದಳು.

"ಇಪ್ಪತ್ತು. ನಿಮ್ಮ ಎಣಿಕೆ ತಪ್ಪಿರ್ಲಿಲ್ಲ ಸಿಸ್ಟರ್. ಬಿಚ್ಚುವಾಗ ನೀವು ಐದು ಅಂದಿದ್ದು ನಿಜ. ಕೊನೇಲಿ ಹತ್ತೊಂಬತ್ತು ಅಂದಿದ್ದೂ ನಿಜ. ಎಷ್ಟು ಸುಸ್ತಾಗಿದ್ರೂ ನಿಮ್ಮ ಕಣ್ಣು ತಪ್ಪಿಲ್ಲ."

ಆಗ ಅತ್ತಳು. ಸ್ಟೀಲಿನ ಕುರ್ಚಿಯಲ್ಲಿ ಮುದುರಿ ಕೂತು, ಸೆರಗಿಲ್ಲದ ಗೌನಿನ ತೋಳಲ್ಲಿ ಮುಖ ಮುಚ್ಚಿಕೊಂಡು, ಆರು ತಿಂಗಳದ್ದನ್ನೆಲ್ಲ ಅತ್ತಳು. ಅವನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ.

ಬಾಗಿಲು ತೆರೆಯಿತು. ಡಾಕ್ಟರು ತಟ್ಟೆಯನ್ನು ನೋಡಿ ದೀರ್ಘವಾಗಿ ಉಸಿರು ಬಿಟ್ಟರು.

"ಒಳಗೂ ಏನಿಲ್ಲ. ಕೈಗೆ ಹಾಕಿದ್ದ ಡ್ರಿಪ್ ಸೂಜಿಯ ಜಾಗ ಬಾತಿದೆ, ಜ್ವರ ಅದರದ್ದು. ಎರಡು ದಿನದಲ್ಲಿ ಇಳಿಯುತ್ತೆ."

ಹಿಂದಿನಿಂದ ತಳ್ಳುಮಂಚದ ಮೇಲೆ ಬಂದ ವ್ಯಾನಿನ ಹೆಂಗಸು ತಲೆಯೆತ್ತಿದಳು. "ಅಯ್ಯೋ ಸಿಸ್ಟರ್, ಜ್ವರ ನನಗೆ, ಅಳೋದು ನೀವಾ?"

*

ಮೇಟ್ರನ್ ಮೇಡಂ ಇಬ್ಬರನ್ನೂ ನಿಲ್ಲಿಸಿ ತರಾಟೆಗೆ ತೆಗೆದುಕೊಂಡರು. ಸುಳ್ಳು ಹೇಳಿದ್ದಕ್ಕೆ ಅವನನ್ನು ಮೂರು ತಿಂಗಳು ಲಾಂಡ್ರಿಗೆ ಹಾಕಿದರು.

"ಪುಣ್ಯಕ್ಕೆ ಆ ಬಟ್ಟೆ ಹೊರಗಿತ್ತು," ಅಂದರು. "ಒಳಗಿದ್ದಿದ್ರೆ ನಿನ್ನ ಒಳ್ಳೇತನ ಯಾವ ತಕ್ಕಡೀಲಿ ತೂಗ್ತಿದ್ದೆ?"

ಹೊರಗೆ ಬಂದಾಗ ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು. ಕೈ ಇನ್ನೂ ನಡುಗುತ್ತಿತ್ತು.

"ಈಗ ಏನೂ ಹೇಳ್ಬೇಡಿ. ನೀವು ಹೇಳೋದು ಯಾವುದು ನಿಜ, ಯಾವುದು ಕರುಣೆ ಅಂತ ನನಗೆ ಗೊತ್ತಾಗಲ್ಲ. ನನಗೆ ಭಯ ಆಗುತ್ತೆ. ಸ್ವಲ್ಪ ದಿನ ಎದುರಿಗೆ ಬರ್ಬೇಡಿ."

ಅವನು ತಲೆಯಾಡಿಸಿ ಮೆಟ್ಟಿಲಿಳಿದು ಹೋದ. ಹೇಳಿದ ಹಾಗೇ ನಡೆಯುವವನು. ಆಮೇಲೆ ನಿಜವಾಗಿಯೂ ಎದುರಿಗೆ ಬರಲೇ ಇಲ್ಲ.

ಸೋಮವಾರ ಅವಳು ಲಾಕರಿನ ಪತ್ರ ತೆಗೆದು ಮೇಡಂ ಮೇಜಿನ ಮೇಲಿಟ್ಟಳು.

"ಇದೇನಮ್ಮ! ನಿನ್ನದು ತಪ್ಪಿಲ್ಲ ಅಂತ ಸಾಬೀತಾದ ಮೇಲೆ ಹೋಗ್ತೀನಿ ಅಂತೀಯ?"

"ಅದಕ್ಕೇ ಮೇಡಂ. ಮುಂಚೆ ಹೋಗಿದ್ರೆ ಓಡಿಹೋದ ಹಾಗಿರ್ತಿತ್ತು. ಈಗ ನಡ್ಕೊಂಡು ಹೋಗ್ತೀನಿ."

"ಹನ್ನೊಂದು ವರ್ಷ ಕಲ್ತಿದ್ದು?"

"ಅದೆಲ್ಲಿಗೂ ಹೋಗಲ್ಲ. ಆದ್ರೆ ನಾನು ಖಾಲಿಯಾಗಿದ್ದೀನಿ ಮೇಡಂ. ಇವತ್ತು ಕಣ್ಣು ತಪ್ಪಿಲ್ಲ. ನಾಳೆ ತಪ್ಪುತ್ತೆ. ತಪ್ಪೋದಕ್ಕೆ ಮುಂಚೆ ಇಳಿದ್ಬಿಡ್ತೀನಿ."

ಮೇಡಂ ಪತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು.

ತಿಂಗಳ ಕೊನೆಯ ದಿನ, ಅವಳ ಕೊನೆಯ ಆಪರೇಷನ್ನು. ಸಾಮಾನಿನ ಲಿಫ್ಟು ಬಂತು. ಅವಳು ಗೋಡೆಯ ಫೋನೆತ್ತಿದಳು.

"ಬಂತು, ಸರಿಯಾಗಿದೆ."

"ಹಾಂ? ಯಾರು? ಏನು ಸರಿ?" ಅಂದಿತು ಯಾವುದೋ ಹೊಸ ದನಿ.

ಅವನು ಲಾಂಡ್ರಿಯಲ್ಲಿದ್ದಾನೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಫೋನು ಹಿಡಿದು ನಿಂತೇ ಇದ್ದಳು. ಅಯ್ಯೋ... ಎದುರಿಗೆ ಬರಬೇಡಿ ಅಂದೆನಲ್ಲ. ಅವನು ಮರೆತನಾ? ಅಥವಾ ಮಾತು ಉಳಿಸಿಕೊಳ್ಳುತ್ತಿದ್ದಾನಾ?

*

ಅಕ್ಕನ ಅಂಗಡಿಯ ಹೊಸ ಕೆಲಸವೂ ಭಯದಿಂದಲೇ ಶುರುವಾಯಿತು. ಮೊದಲ ವಾರ ಪ್ರತಿ ಹೊಲಿಗೆಯನ್ನೂ ಎಣಿಸಿದಳು. ಗಿರಾಕಿ ಬಾಗಿಲಿಗೆ ಬಂದರೆ ಎದೆ ಹಾರುವುದು. ಇದನ್ನೇ ಮಾಡಿಕೊಂಡು ಬದುಕಲಾದೀತೇ, ಬಿಟ್ಟದ್ದು ತಪ್ಪಾಯಿತೇ ಎಂದು ಬೆಳಗಾದರೆ ಒಂದು ಹೆದರಿಕೆ.

ಎರಡನೇ ತಿಂಗಳಿಗೆ ಊಟದ ತಟ್ಟೆಯ ಪಕ್ಕದ ಚಮಚ ಎಣಿಸುವುದನ್ನು ಮರೆತಳು. ಅಕ್ಕ ಅದನ್ನು ಗಮನಿಸಿಯೂ ಹೇಳಲಿಲ್ಲ. ಹೇಳಿದರೆ ನೆನಪಾದೀತೆಂದು.

ಆ ಶುಕ್ರವಾರಕ್ಕೆ ಮೂರು ತಿಂಗಳು ತುಂಬಿದ ಮೇಲೆ, ಒಂದು ಭಾನುವಾರದ ಬೆಳಿಗ್ಗೆ.

"ಪುಟ್ಟೀ," ಭಾವ ಒಳಗೆ ಇಣುಕಿದ, "ಯಾರೋ ಒಬ್ಬ ಬಂದಿದಾನೆ. ಕಂಕುಳಲ್ಲಿ ದಿಂಬು ಇಟ್ಕೊಂಡು ನಮ್ಮ ತಕ್ಕಡೀನೇ ನೋಡ್ತಾ ನಿಂತಿದಾನೆ. ಕೊಳ್ಳೋಕೆ ಬಂದಿದಾನಾ ಅಂತ ಕೇಳು!"

ಅವಳ ಕೈಯಲ್ಲಿದ್ದ ಸೂಜಿ ನಿಂತಿತು.

ಹೊರಗೆ ಬಂದಳು. ಅವನೇ. ಅದೇ ಎರಡೆಳೆ ನರೆ. ಈಗ ಮೂರೋ ನಾಲ್ಕೋ ಆಗಿತ್ತು.

"ಲಾಂಡ್ರಿ ಮುಗೀತು," ಅಂದ. "ವಿಳಾಸ ಆಯಮ್ಮ ಕೊಟ್ಲು. ನಾಳೆಯಿಂದ ಮತ್ತೆ ಕೆಳಗೆ. ಅದಕ್ಕೆ ಮುಂಚೆ... ಈ ದಿಂಬು ಗಟ್ಟಿಯಾಗಿದೆ. ಹತ್ತಿ ಬಿಡಿಸಿ ಹೊಲೀಬೇಕಿತ್ತು."

ದಿಂಬನ್ನು ತೆಗೆದುಕೊಳ್ಳಲು ಕೈ ಚಾಚಿದಳು. ಆಗ ಕಂಡಿತು. ನಡುಗುತ್ತಿದ್ದದ್ದು ಅವನ ಕೈ!

ಅವಳ ಕೈ ನಿಶ್ಚಲವಾಗಿತ್ತು.

"ನಿಮ್ಮ ಕೈ..."

"ಹೂಂ. ಬಸ್ಸಿಳಿದಾಗಿನಿಂದ ಹೀಗೇ."

"ಭಯಾನಾ?"

"ತುಂಬಾ."

ಅವಳು ಅವನ ಮುಖವನ್ನೇ ನೋಡಿದಳು. "ನಾನು ಸುಳ್ಳು ತಡ್ಕೊಳ್ಳಲ್ಲ. ಒಳ್ಳೇದಕ್ಕೆ ಹೇಳಿದ್ರೂ ತಡ್ಕೊಳ್ಳಲ್ಲ. ನನ್ನ ಕೈ ನಡುಗ್ಲಿ, ನಾನು ಅಳ್ಲಿ, ಬಿದ್ದೇ ಹೋಗ್ಲಿ. ಐದಿದ್ರೆ ಐದು ಅಂತಾನೇ ಹೇಳ್ಬೇಕು."

"ಹೇಳ್ತೀನಿ."

"ಹಾಗಾದ್ರೆ ಹೇಳಿ. ದಿಂಬು ಹೊಲಿಸೋಕೆ ಬಂದ್ರಾ?"

"ಇಲ್ಲ. ದಿಂಬು ಹೊಸದು. ನಿನ್ನೆ ತಗೊಂಡೆ."

ಒಳಗಿನಿಂದ ಭಾವನ ಕೆಮ್ಮು ಕೇಳಿಸಿತು. ಅಕ್ಕ ಯಾರನ್ನೋ ಚಿವುಟಿದ ಸದ್ದೂ ಕೇಳಿಸಿತು.

"ಮತ್ಯಾಕೆ ಬಂದ್ರಿ?"

"ಮೂರು ತಿಂಗಳಿಂದ ಯಾರೂ ನನಗೆ ಸರಿಯಾಗಿದೆ ಅಂತ ಹೇಳಿಲ್ಲ," ಅಂದ ಅವನು. ದನಿಯೂ ನಡುಗಿತು. "ನೀವಿಲ್ಲದೆ ನನಗೆ ಯಾವುದೂ ಸರಿಯಾಗಿಲ್ಲ. ಇದು ಕರುಣೆ ಅಲ್ಲ. ನಿಮ್ಮ ಮೇಲೆ ನನಗೆ ಪ್ರೀತಿ. ಬೇಡ ಅಂದ್ರೆ ದಿಂಬು ತಗೊಂಡು ಹೋಗ್ತೀನಿ."

ಬೀದಿಯಲ್ಲಿ ಒಂದು ಶಾಲೆಯ ವ್ಯಾನು ಹಾದುಹೋಯಿತು. ಭಾನುವಾರ, ಖಾಲಿ ವ್ಯಾನು. ಓಡಿಸುತ್ತಿದ್ದವರು ಯಾರೆಂದು ಇಬ್ಬರೂ ನೋಡಲಿಲ್ಲ.

ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಯೇ ಅದು. ಆದರೆ ಈ ಹೆದರಿಕೆಯನ್ನು ಬಿಟ್ಟು ಓಡಬೇಕೆನಿಸಲಿಲ್ಲ.

ದಿಂಬನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಎದೆಗೆ ಅವುಚಿಕೊಂಡಳು. ಹೊಸ ದಿಂಬಿನ ಹೊಲಿಗೆಯನ್ನು ಉಗುರಿನಿಂದ ಒಂದಿಷ್ಟು ಬಿಚ್ಚಿದಳು.

"ನೋಡಿ, ಹೊಲಿಗೆ ಬಿಟ್ಟಿದೆ. ರಿಪೇರಿ ಮಾಡ್ಬೇಕು."

ಅವನ ಮುಖದಲ್ಲಿ ನಗು ಮೂಡಿತು. "ಎಷ್ಟು ದಿನ ಆಗುತ್ತೆ?"

"ಐದು ದಿನ. ದಿನಾ ಬಂದು ಕೇಳ್ಬೇಕು."

"ಅಷ್ಟು ಪುಟ್ಟ ಹೊಲಿಗೆಗೆ? ನಾಲ್ಕು ದಿನ ಸಾಕಾಗಲ್ವಾ?"

ಅವಳು ಅವನ ನಡುಗುವ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಐದೇ," ಅಂದಳು. "ನಾನು ಎಣಿಸಿದ್ದೀನಿ."